ಚೆಂಗ್ಡುವಿನಲ್ಲಿ ಸಸ್ಯಾಹಾರಿ ಸಂಸಾರ: ಏನನ್ನು ರುಚಿ ನೋಡಬಹುದು, ಎಲ್ಲಿ ಎಚ್ಚರ ಬೇಕು?

ದಾವಣಗೆರೆಯವ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಕಂಪನಿಯ ಕೆಲಸದ ಮೇಲೆ ಮುಂದಿನ ತಿಂಗಳು ಚೀನಾದ ಸಿಚುವಾನ್ ಪ್ರಾಂತ್ಯದ ಚೆಂಗ್ಡು ನಗರಕ್ಕೆ ಸಂಸಾರ ಸಮೇತ ಹೋಗುತ್ತಿದ್ದೇನೆ. ಕನಿಷ್ಠ ಎರಡು ವರ್ಷ ಅಲ್ಲಿಯೇ ಇರಬೇಕಾಗುತ್ತದೆ. ನಾವು ಸಸ್ಯಾಹಾರಿಗಳು. ನಾನೂ ಮಗಳೂ ಮೊಟ್ಟೆ ತಿನ್ನುತ್ತೇವೆ, ನನ್ನ ಶ್ರೀಮತಿ ಅದನ್ನೂ ಮುಟ್ಟುವುದಿಲ್ಲ. ತೊಗರಿಬೇಳೆ, ಸಾರಿನ ಪುಡಿ, ಹುಣಸೆಹಣ್ಣು, ತುಪ್ಪ ಎಲ್ಲವನ್ನೂ ಇಲ್ಲಿಂದಲೇ ಕಟ್ಟಿಕೊಂಡು ಹೋಗಿ ಎಂದು ಬಂಧುಗಳು ಹೇಳುತ್ತಿದ್ದಾರೆ. ಆದರೆ ಅಷ್ಟು ಕಾಲ ಒಂದು ಊರಿನಲ್ಲಿದ್ದು, ಅಲ್ಲಿಯವರು ಏನು ಉಣ್ಣುತ್ತಾರೆಂಬುದನ್ನೇ ತಿಳಿಯದೆ ಹಿಂತಿರುಗುವುದಕ್ಕೆ ನನಗೆ ಮನಸ್ಸಿಲ್ಲ. ಚೀನಾದ ಅಡುಗೆಯೆಂದರೆ ನಮಗೆ ಗೊತ್ತಿರುವುದು ಗೋಬಿ ಮಂಚೂರಿ ಮಾತ್ರ; ಅದಂತೂ ಭಾರತದಲ್ಲೇ ಹುಟ್ಟಿದ್ದು. ಅಲ್ಲಿ ವಾಸವಾಗಿರುವವರು ದಯವಿಟ್ಟು ಮಾರ್ಗದರ್ಶನ ಮಾಡಬೇಕು.

ಕುಮಟೆ ಕಡಲು:

ನಮಸ್ಕಾರ ಸರ್. ನಾನು ಚೆಂಗ್ಡುವಿನಲ್ಲಿ ಕೆಲವು ವರ್ಷಗಳಿಂದ ಇದ್ದೇನೆ. ಹೊಸಬರು ಮೊದಲು ಹೋಗಬೇಕಾದದ್ದು ಹೋಟೆಲಿಗಲ್ಲ, ಮನೆಯ ಹತ್ತಿರದ ತರಕಾರಿ ಮಾರುಕಟ್ಟೆಗೆ. ಹಾಗಲಕಾಯಿ, ಬೂದುಗುಂಬಳ, ತುಪ್ಪದ ಹೀರೆ, ಅಲಸಂದೆ ಕಾಯಿ, ಕೆಸುವಿನ ಗಡ್ಡೆ, ತಾವರೆ ದಂಟು ಎಲ್ಲವೂ ಅಲ್ಲಿ ಸಿಗುತ್ತವೆ. ಅಡುಗೆಮನೆ ನಡೆಯುವುದಿಲ್ಲವೆಂಬ ಭಯ ಅಲ್ಲಿಗೇ ಕಳೆಯುತ್ತದೆ. ಆಮೇಲೆ ಒಂದೊಂದಾಗಿ ಹೊಸದನ್ನು ಮನೆಗೆ ತನ್ನಿ. ಚಳಿಗಾಲದಲ್ಲಿ ಬಟಾಣಿ ಬಳ್ಳಿಯ ಎಳೆಯ ಕುಡಿಗಳು ಬರುತ್ತವೆ. ಬಾಣಲೆಯಲ್ಲಿ ಒಂದು ಸುತ್ತು ಬಾಡಿಸಿದರೆ ಸಾಕು. ವೋಸುನ್ ಎಂಬ ಲೆಟ್ಯೂಸ್ ಜಾತಿಯ ಗಿಡದಲ್ಲಿ ಎಲೆಗಿಂತ ದಪ್ಪ ಕಾಂಡಕ್ಕೇ ಬೆಲೆ ಹೆಚ್ಚು: ನಾರಿನ ಸಿಪ್ಪೆಯನ್ನು ದಪ್ಪವಾಗಿ ಹೆರೆದರೆ ಒಳಗೆ ತಿಳಿಹಸಿರಿನ, ನೀರು ತುಂಬಿದ ತಿರುಳು ಇರುತ್ತದೆ. ಅದನ್ನು ಕೋಸಂಬರಿಗೆ ಹೆಚ್ಚಿ ನೋಡಿ, ಸೌತೆಕಾಯಿಯನ್ನು ಕೆಲವು ದಿನ ಮರೆಯುತ್ತೀರಿ.

ಚೆಂಗ್ಡುವಿನ ಅಡುಗೆಯ ಜೀವ ಹ್ವಾಜ್ಯಾವ್. ಇದನ್ನು ಸಿಚುವಾನ್ ಮೆಣಸು ಎಂದು ಕರೆದರೂ ಕರಿಮೆಣಸಿಗೂ ಇದಕ್ಕೂ ಸಂಬಂಧವಿಲ್ಲ. ಇದು ನಿಂಬೆಯ ಕುಟುಂಬಕ್ಕೆ ಸೇರಿದ ಮುಳ್ಳುಗಿಡದ ಕಾಯಿ. ನಮ್ಮ ಕರಾವಳಿಯಲ್ಲಿ ಬಂಗುಡೆ ಸಾರಿಗೆ ಹಾಕುವ ತೆಪ್ಪಲ್, ಅಂದರೆ ಮಲೆನಾಡಿನ ಜುಮ್ಮನಕಾಯಿ, ಇದರದೇ ಜಾತಿಯ ಇನ್ನೊಂದು ಪ್ರಭೇದ. ಎರಡರಲ್ಲೂ ಬೀಜವನ್ನು ಎಸೆದು ಸಿಪ್ಪೆಯನ್ನಷ್ಟೇ ಬಳಸುತ್ತಾರೆ. ಸಿಪ್ಪೆಯಲ್ಲಿರುವ ಸ್ಯಾನ್‌ಶೂಲ್ ಎಂಬ ಅಂಶ ಸ್ಪರ್ಶದ ನರಗಳನ್ನೇ ಕೆಣಕುತ್ತದೆ. ಈ ಜುಮ್ಮೆನ್ನುವಿಕೆ ತುಟಿಗೆ ಸೆಕೆಂಡಿಗೆ ಸುಮಾರು 50 ಬಾರಿಯ ಕಂಪನದಂತೆ ಭಾಸವಾಗುತ್ತದೆಂದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2013ರಲ್ಲಿ ತೋರಿಸಿದ್ದಾರೆ. ಮೊದಲ ಸಲ ತಿಂದವರು ಬಾಯಿಗೆ ಏನೋ ಆಯಿತೆಂದು ಗಾಬರಿಯಾಗುವುದುಂಟು. ಕೆಲವು ನಿಮಿಷಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಚೆಂಗ್ಡುವಿನ ನೈಋತ್ಯಕ್ಕಿರುವ ಹಾನ್‌ಯುವಾನ್‌ನ ಕೆಂಪು ಹ್ವಾಜ್ಯಾವ್‌ಗೆ ಹೆಸರು ಹೆಚ್ಚು. ಕೊಳ್ಳುವಾಗ ಒಂದೆರಡು ಸಿಪ್ಪೆಗಳನ್ನು ಅಂಗೈಯಲ್ಲಿ ಉಜ್ಜಿ ಮೂಸಿ ನೋಡಿ; ನಿಂಬೆಯ ಪರಿಮಳ ಬಾರದಿದ್ದರೆ ಹಳೆಯ ಮಾಲು. ನಾವು ಸಿಚುವಾನಿನ ಗುರುತೆಂದುಕೊಂಡಿರುವ ಕೆಂಪು ಮೆಣಸಿನಕಾಯಿ ಅಮೆರಿಕ ಖಂಡದಿಂದ ಚೀನಾಕ್ಕೆ ಬಂದದ್ದು 16ನೆಯ ಶತಮಾನದ ಕೊನೆಯ ಸುಮಾರಿಗೆ. ಹ್ವಾಜ್ಯಾವ್ ಅದಕ್ಕಿಂತ ಬಹಳ ಹಿಂದಿನದು.

ಇನ್ನೊಂದು ಮೋಯು. ಕಪ್ಪುಚುಕ್ಕೆಗಳ ಬೂದುಬಣ್ಣದ, ಅಲುಗಾಡುವ ಗಟ್ಟಿಯನ್ನು ಕಂಡು ಮಾಂಸವೋ ಏನೋ ಎಂದು ದೂರ ಸರಿಯಬೇಡಿ. ಅದು ನಮ್ಮ ಸುವರ್ಣಗಡ್ಡೆಯ ಹತ್ತಿರದ ನೆಂಟ. ಹಸಿಗಡ್ಡೆ ಸುವರ್ಣಗಡ್ಡೆಯಂತೆಯೇ ತುರಿಸುತ್ತದೆ. ಅದರ ಹಿಟ್ಟನ್ನು ಸುಣ್ಣದ ತಿಳಿನೀರಿನಂಥ ಕ್ಷಾರದೊಂದಿಗೆ ಬೇಯಿಸಿ ಗಟ್ಟಿಮಾಡುತ್ತಾರೆ. ಸ್ವಂತ ರುಚಿಯೆಂಬುದು ಬಹುತೇಕ ಇಲ್ಲ, ಆದರೆ ಹುಳಿಗೆ ಹಾಕಿದರೆ ಹಲ್ಲಿಗೆ ಒಳ್ಳೆಯ ಕೆಲಸ ಕೊಡುತ್ತದೆ. ಹೋಟೆಲಿನಲ್ಲಿ ಮಾತ್ರ ಇದನ್ನು ಬಾತುಕೋಳಿಯೊಂದಿಗೆ ಬೇಯಿಸುವುದು ರೂಢಿ, ವಿಚಾರಿಸಿಯೇ ತರಿಸಿಕೊಳ್ಳಿ.

ಒಗ್ಗರಣೆ:

ಕುಮಟೆಯವರು ಹೇಳಿದ್ದು ಸರಿ. ಮಾರುಕಟ್ಟೆ ನಿಶ್ಚಿಂತೆಯ ಜಾಗ. ತೊಂದರೆಯಿರುವುದು ಹೋಟೆಲಿನಲ್ಲಿ, ಅದೂ ಕಣ್ಣಿಗೆ ಕಾಣುವ ಮಾಂಸದಲ್ಲಲ್ಲ, ಕಾಣದ ಕೊಬ್ಬಿನಲ್ಲಿ. ಬರಿಯ ಸೊಪ್ಪಿನ ಪಲ್ಯವೆಂದು ತರಿಸಿದ್ದನ್ನು ಹಂದಿಯ ಕೊಬ್ಬಿನಲ್ಲಿ ಹುರಿದಿರಬಹುದು. ಹೆಸರಿನಲ್ಲೇ ತೋಫು, ಅಂದರೆ ಸೋಯಾ ಪನೀರ್, ಇರುವ ಮಾಪೋ ತೋಫುವಿಗೆ ಸಾಂಪ್ರದಾಯಿಕವಾಗಿ ದನದ ಮಾಂಸದ ಖೀಮಾ ಬೀಳುತ್ತದೆ. ದಾನ್‌ದಾನ್ ನೂಡಲ್ಸಿನ ಮೇಲೆ ಉದುರಿಸುವುದು ಹಂದಿಯ ಖೀಮಾ. ಮೇಜಿನ ಮೇಲೆ ಕುದಿಯುವ ರಸದಲ್ಲಿ ಬೇಯಿಸಿಕೊಂಡು ತಿನ್ನುವ ಹಾಟ್‌ಪಾಟ್‌ನ ಕೆಂಪು ರಸ ಸಾಂಪ್ರದಾಯಿಕವಾಗಿ ದನದ ಕೊಬ್ಬಿನದು, ಪಕ್ಕದಲ್ಲಿ ಕುದಿಯುವ ಬಿಳಿಯ ರಸ ಸಾಮಾನ್ಯವಾಗಿ ಮೂಳೆಯದೋ ಕೋಳಿಯದೋ ಆಗಿರುತ್ತದೆ. ಬಿಳಿಯದು ಸೌಮ್ಯವಾಗಿದೆಯೆಂದು ಸಸ್ಯಾಹಾರವೆಂದು ತಿಳಿಯಬಾರದು. ಇವೆಲ್ಲ ಸಾಲದೆಂಬಂತೆ ಕೋಳಿಯ ಸಾರದ ಪುಡಿಯನ್ನು ನಾವು ಇಂಗು ಹಾಕುವಷ್ಟು ಸಲೀಸಾಗಿ ಎಲ್ಲದಕ್ಕೂ ಹಾಕುತ್ತಾರೆ.

‘ಮಾಂಸ ಬೇಡ’ ಎಂದಷ್ಟೇ ಹೇಳಿದರೆ ಅಡುಗೆಯವರು ತುಂಡುಗಳನ್ನು ಬಿಟ್ಟು ಉಳಿದದ್ದನ್ನೆಲ್ಲ ಹಾಕುತ್ತಾರೆ. ಅವರ ಪಾಲಿಗೆ ಅದು ಮೋಸವಲ್ಲ. ಆದ್ದರಿಂದ ಮಾಂಸ, ಮೀನು, ಮೊಟ್ಟೆ, ಹಂದಿಕೊಬ್ಬು, ಕೋಳಿಪುಡಿ, ಮೂಳೆಯ ರಸ, ಸಿಂಪಿಯ ಸಾಸ್ ಯಾವುದೂ ಬೇಡವೆಂದು ಚೀನೀ ಭಾಷೆಯಲ್ಲಿ ಸಹೋದ್ಯೋಗಿಗಳಿಂದ ಬರೆಸಿಕೊಂಡು ಫೋನಿನಲ್ಲಿ ಇಟ್ಟುಕೊಳ್ಳಿ. ಯಾವ ಚಿಂತೆಯೂ ಇಲ್ಲದೆ ನಿಮ್ಮ ಮನೆಯವರು ಕುಳಿತು ಉಣ್ಣಬೇಕಾದರೆ ವೆನ್‌ಶು ಬೌದ್ಧ ವಿಹಾರದ ಸಸ್ಯಾಹಾರಿ ಊಟದ ಮನೆಗೆ ಹೋಗಿ. ಚೀನೀ ಬೌದ್ಧ ಸಂಪ್ರದಾಯದ ಊಟದಲ್ಲಿ ಈರುಳ್ಳಿ, ಬೆಳ್ಳುಳ್ಳಿಗಳೂ ನಿಷಿದ್ಧ. ನಮ್ಮ ಮಠದ ಪಂಕ್ತಿಗೆ ಒಗ್ಗಿದವರಿಗೆ ಇದು ಹೊಸದೇನಲ್ಲ. ಆದರೆ ಗೋಧಿಯ ಅಂಟು ಮತ್ತು ಸೋಯಾದಿಂದ ಮೀನು, ಹಂದಿಮಾಂಸಗಳನ್ನು ಹೋಲುವ ತಿನಿಸುಗಳನ್ನು ತಟ್ಟೆಯಲ್ಲಿ ಇಡುತ್ತಾರೆಂಬುದನ್ನು ಅವರಿಗೆ ಮೊದಲೇ ಹೇಳಿ ಕರೆದುಕೊಂಡು ಹೋಗಿ.

ಸಾಮಾನಿನ ವಿಷಯ: ಹಾಲಿನ ಉತ್ಪನ್ನಗಳನ್ನೂ ಹಸಿ ತರಕಾರಿ, ಹಣ್ಣುಗಳನ್ನೂ ಒಯ್ಯುವುದಕ್ಕೆ ಚೀನಾದ ಕಸ್ಟಮ್ಸ್ ಬಿಡುವುದಿಲ್ಲ, ತುಪ್ಪದ ಡಬ್ಬಿಯ ಆಸೆ ಬಿಡಿ. ಸಾರಿನ ಪುಡಿಯನ್ನು ಮೊಹರು ಮಾಡಿದ ಪೊಟ್ಟಣದಲ್ಲಿ ಒಯ್ಯಿರಿ. ಹೆಸರುಕಾಳು, ಕಡಲೆಕಾಯಿ, ಎಳ್ಳು, ಕೊತ್ತಂಬರಿ ಸೊಪ್ಪು ಅಲ್ಲಿಯೇ ಧಾರಾಳವಾಗಿವೆ. ಮೊಸರು ಕೊಳ್ಳುವಾಗ ಸಕ್ಕರೆ ಬೆರೆಸದ್ದೇ ಎಂದು ನೋಡಿಕೊಳ್ಳಿ, ಅಥವಾ ಮನೆಯಲ್ಲೇ ಹೆಪ್ಪು ಹಾಕಿ.

ಮಡಿಕೇರಿ ಮಳೆ:

ನಾನು ಎಲ್ಲವನ್ನೂ ತಿನ್ನುವವನು. ಪಂದಿ ಕರಿ ತಿಂದು ಬೆಳೆದವನಿಗೆ ಚೆಂಗ್ಡುವಿನಲ್ಲಿ ಯಾವ ಕೊರತೆಯೂ ಇಲ್ಲ. ಮೊಲದ ತಲೆಯನ್ನು ಮಾತ್ರ ಇಂದಿಗೂ ಬಾಯಿಗಿಡಲಾರೆ, ಅಲ್ಲಿಯವರು ಅದನ್ನು ಕೈಯಲ್ಲಿ ಹಿಡಿದು ಬಿಡಿಸಿ ತಿನ್ನುವ ಸಡಗರವನ್ನು ನೋಡುವುದಷ್ಟೇ ನನ್ನ ಪಾಲು. ನಿಮ್ಮ ಪಂಗಡಕ್ಕೆ ಸಲ್ಲುವ ಎರಡು ಮಾತುಗಳಿವೆ. ಜೆಅರ್‌ಗೆನ್ ಎಂಬ ಬಿಳಿಯ ಬೇರು ಅಪ್ಪಟ ಸಸ್ಯವಾದರೂ ಹಸಿಮೀನಿನ ವಾಸನೆ ಹೊಡೆಯುತ್ತದೆ. ಶ್ರೀಮತಿಯವರ ಮುಂದೆ ಅದನ್ನು ತರಿಸಬೇಡಿ. ಬೇಸಿಗೆಯಲ್ಲಿ ಬಿಂಗ್‌ಫೆನ್ ಖಂಡಿತ ತಿನ್ನಿ. ಸಣ್ಣ ಬೀಜಗಳನ್ನು ಬಟ್ಟೆಯಲ್ಲಿ ಕಟ್ಟಿ ನೀರಿನಲ್ಲಿ ಕಿವುಚಿ, ಸುಣ್ಣದ ತಿಳಿ ಬೆರೆಸಿ ಗಟ್ಟಿಯಾಗಿಸುವ ಪಾರದರ್ಶಕ ತಿನಿಸು ಅದು. ಮೇಲೆ ಬೆಲ್ಲದಂಥ ಕಂದು ಸಕ್ಕರೆಯ ಪಾಕ, ಹುರಿದ ಕಡಲೆಕಾಯಿ, ಎಳ್ಳು, ಒಣದ್ರಾಕ್ಷಿ. ಖಾರದ ಊಟದ ಮೇಲೆ ಅದಿಲ್ಲದೆ ನನಗೆ ಆಗುವುದಿಲ್ಲ.

ದಾವಣಗೆರೆಯವ:

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಮಗಳ ವಿಚಾರವೊಂದು ಉಳಿಯಿತು. ಮಧ್ಯಾಹ್ನದ ಊಟ ಶಾಲೆಯಲ್ಲೇ ಆಗಬೇಕು, ಅವಳಿಗೆ ಖಾರ ಅಷ್ಟಾಗಿ ಹಿಡಿಸುವುದಿಲ್ಲ. ಹೊರಗೆ ಅವಳು ಏನು ತಿನ್ನಬಹುದು?

ಒಗ್ಗರಣೆ:

ಮೊಟ್ಟೆ ತಿನ್ನುತ್ತಾಳಾದ್ದರಿಂದ ಕಷ್ಟವಿಲ್ಲ. ಟೊಮ್ಯಾಟೊ ಹಾಕಿ ಹುರಿದ ಮೊಟ್ಟೆ ಚೀನಾದ ಮನೆಮನೆಯ ಅಡುಗೆ, ಶಾಲೆಯ ಕ್ಯಾಂಟೀನುಗಳಲ್ಲೂ ಸಾಮಾನ್ಯ. ಅದನ್ನು ಅನ್ನದ ಮೇಲೆ ಹಾಕಿಸಿಕೊಂಡರೆ ಮಕ್ಕಳು ತಕರಾರಿಲ್ಲದೆ ಉಣ್ಣುತ್ತಾರೆ. ಮಾಂತೋ ಎಂಬ ಹೂರಣವಿಲ್ಲದ ಆವಿಯ ಬನ್ನು, ಬಿಳಿ ಗಂಜಿ, ಸಿಹಿ ಸೋಯಾ ಹಾಲು ಬೆಳಗಿನ ಅಂಗಡಿಗಳಲ್ಲಿ ಸಿಗುತ್ತವೆ. ಎಣ್ಣೆ ಯಾವುದೆಂಬುದನ್ನು ಶಾಲೆಗೆ ಸೇರಿಸುವ ದಿನವೇ ಬರಹದಲ್ಲಿ ಕೇಳಿ. ಒಪ್ಪಿಗೆಯಾಗುವ ಉತ್ತರ ಬರದಿದ್ದರೆ ಡಬ್ಬಿ ಕಟ್ಟುವುದೇ ಲೇಸು. ತಾಂಗ್‌ಯುವಾನ್ ಎಂಬ ಅಂಟಕ್ಕಿಯ ಸಿಹಿ ಕಡುಬನ್ನು ಗೆಳತಿಯರು ಅವಳಿಗೆ ಖಂಡಿತ ಕೊಡುತ್ತಾರೆ. ಅದರೊಳಗಿನ ಕರಿಎಳ್ಳಿನ ಹೂರಣವನ್ನು ಸಾಂಪ್ರದಾಯಿಕವಾಗಿ ಹಂದಿಕೊಬ್ಬಿನಲ್ಲೇ ಕಲಸುತ್ತಾರೆ; ಅಂಗಡಿಯ ಪೊಟ್ಟಣವಾದರೆ ಪದಾರ್ಥಗಳ ಪಟ್ಟಿಯನ್ನು ಫೋನಿನ ಕ್ಯಾಮೆರಾದಿಂದ ಅನುವಾದಿಸಿ ನೋಡಬಹುದು. ಇಲ್ಲವಾದರೆ ಮನೆಯಲ್ಲೇ ಎಳ್ಳು, ಬೆಲ್ಲ ಹಾಕಿ ಮಾಡಿಕೊಡಿ, ನಮ್ಮ ಕಡುಬು ಮಾಡಬಲ್ಲವರಿಗೆ ಅದು ಕಷ್ಟದ ಕೆಲಸವಲ್ಲ.