ಕೀಲುವಾತ ಇದ್ದರೆ ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡ್ ಸಿಗುತ್ತಾ? ಅನುಭವ ಇದ್ದವರು ಹೇಳಿ

ಕೇಳಿದವರು, ತಿಪಟೂರಿನಿಂದ:

ನನಗೆ 34 ವರ್ಷ. ರುಮಟಾಯ್ಡ್ ಆರ್ಥ್ರೈಟಿಸ್ ಶುರುವಾಗಿ ಬಹಳ ವರ್ಷ ಆಯಿತು. ಎರಡೂ ಕೈಯ ಬೆರಳು ಸೊಟ್ಟಗಾಗಿವೆ. ಮಂಡಿ ಪೂರ್ತಿ ಮಡಚುವುದಿಲ್ಲ. ಟೈಲರಿಂಗ್ ಮಾಡುತ್ತಿದ್ದೆ, ಈಗ ಕತ್ತರಿ ಹಿಡಿಯುವುದೇ ಕಷ್ಟ. ಅಂಗವಿಕಲರ ಕಾರ್ಡ್ ಮಾಡಿಸು ಅಂತ ಅತ್ತಿಗೆ ಹೇಳುತ್ತಾರೆ. ಇದು ಕಾಯಿಲೆ, ಅಂಗವಿಕಲತೆ ಅಲ್ಲ ಅಂತ ಬೇರೆಯವರು. ನಿಜವಾಗಿ ಸಿಗುತ್ತಾ? ಎಲ್ಲಿಂದ ಶುರು ಮಾಡಲಿ?

ಹಾಸನದಿಂದ, ಇದೇ ಕಾಯಿಲೆ ಇರುವವರು:

ಸಿಗುತ್ತದೆ ತಂಗಿ, ನನಗೆ ಸಿಕ್ಕಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ 21 ಬಗೆಯ ಅಂಗವಿಕಲತೆಗಳಿವೆ. ಅದರಲ್ಲಿ ನಮ್ಮ ಕಾಯಿಲೆಯ ಹೆಸರು ಇಲ್ಲ. ಅಷ್ಟಕ್ಕೇ ಸುಮಾರು ಜನ ಕೈಬಿಡುತ್ತಾರೆ. ನೀವು ಅರ್ಜಿಯಲ್ಲಿ ಆರಿಸಬೇಕಾದ್ದು ಲೋಕೋಮೋಟರ್ ಡಿಸೆಬಿಲಿಟಿ, ಅಂದರೆ ಕೈಕಾಲಿನ ಚಲನೆಯ ಅಂಗವಿಕಲತೆ. ಕಾಯಿಲೆ ಯಾವುದು ಅನ್ನುವುದಕ್ಕಿಂತ ಅದರಿಂದ ಕೈಕಾಲಿಗೆ ಏನು ಮಾಡಲು ಆಗುತ್ತಿಲ್ಲ ಅನ್ನುವುದನ್ನೇ ಅಲ್ಲಿ ಅಳೆಯುವುದು.

ಹೇಗೆ ಅಳೆಯುತ್ತಾರೆ ಅಂತ ಮೊದಲೇ ಗೊತ್ತಿದ್ದರೆ ಒಳ್ಳೆಯದು. ಕೀಲು ಎಷ್ಟು ಮಡಚುತ್ತದೆ, ಬಲ ಎಷ್ಟಿದೆ ಅಂತ ನೋಡುತ್ತಾರೆ. ಜೊತೆಗೆ ದಿನನಿತ್ಯದ ಕೆಲಸಗಳನ್ನೂ ಕೇಳುತ್ತಾರೆ. ಕೈಗೆ ಇಂಥ ಹತ್ತು ಕೆಲಸಗಳಿವೆ: ತಲೆಗಿಂತ ಎತ್ತರದ ವಸ್ತು ಇಳಿಸುವುದು, ಮೂಗಿನ ತುದಿ ಮುಟ್ಟುವುದು, ಕೈಯಲ್ಲಿ ಊಟ ಮಾಡುವುದು, ತಲೆ ಬಾಚಿ ಜಡೆ ಹಾಕುವುದು, ಅಂಗಿ ತೊಡುವುದು, ಶೌಚ ತೊಳೆದುಕೊಳ್ಳುವುದು, ಲೋಟ ಹಿಡಿದು ನೀರು ಕುಡಿಯುವುದು, ಗುಂಡಿ ಹಾಕುವುದು, ಲಾಡಿ ಕಟ್ಟುವುದು, ಬರೆಯುವುದು. ಒಂದೊಂದಕ್ಕೂ 9 ಅಂಕ. ಕಾಲಿಗಾದರೆ ಇಳಿಜಾರಿನಲ್ಲಿ ನಡೆಯುವುದು, ಮೆಟ್ಟಿಲು ಹತ್ತುವುದು, ಕುಕ್ಕರಗಾಲಲ್ಲಿ ಕೂರುವುದು, ಚಕ್ಕಂಬಕ್ಕಳ ಹಾಕುವುದು, ಹೀಗೆ.

ನಾವು ಹೆಂಗಸರು ಸೋಲುವುದು ಇಲ್ಲೇ. "ತಲೆ ಬಾಚಿಕೊಳ್ಳುತ್ತೀರಾ?" ಅಂತ ಡಾಕ್ಟರ್ ಕೇಳಿದರೆ "ಹೂಂ, ಹೇಗೋ ಆಗುತ್ತೆ ಸರ್" ಅನ್ನುತ್ತೇವೆ. ನನ್ನ ಜಡೆ ಹಾಕುವುದು ನನ್ನ ಗಂಡ. ರವಿಕೆಯ ಹುಕ್ಕು ಹಾಕುವುದು ಮಗಳು. ಅದನ್ನು ಹಾಗೇ ಹೇಳಿದೆ. ನಾಚಿಕೆಪಡುವಂಥದ್ದು ಅದರಲ್ಲಿ ಏನೂ ಇಲ್ಲ. ಇನ್ನೊಂದು ವಿಷಯ, ತಪಾಸಣೆ ಮಾಡುವ ವೈದ್ಯಕೀಯ ಬೋರ್ಡಿನವರು ನಮ್ಮನ್ನು ನೋಡುವುದು ಮಾತ್ರೆ ನುಂಗಿ, ಬಸ್ಸು ಇಳಿದು, ಬಿಸಿಲೇರಿದ ಮೇಲೆ. ಬೆಳಗ್ಗೆ ಎದ್ದಾಗಿನ ಬಿಗಿತ ಅವರ ಕಣ್ಣಿಗೆ ಬೀಳುವುದೇ ಇಲ್ಲ. ಯಾವ ಕೆಲಸಕ್ಕೆ ಯಾರ ಸಹಾಯ ಬೇಕು, ಕೈ ಬಿಡಿಸಿಕೊಳ್ಳಲು ಎಷ್ಟು ಹೊತ್ತು ಬೇಕು ಅಂತ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಇದ್ದದ್ದಕ್ಕಿಂತ ಜಾಸ್ತಿ ಹೇಳುವುದೂ ಬೇಡ, ಕಡಿಮೆಯೂ ಬೇಡ.

ಅಂಗವಿಕಲತೆಯ ಪರ್ಸೆಂಟೇಜ್ ಜಾಸ್ತಿ ಬರಲಿ ಅಂತ ಮಾತ್ರೆ ನಿಲ್ಲಿಸಿ ಹೋಗಿ ಅನ್ನುವವರು ಸಿಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಈ ಕಾಯಿಲೆಗೆ ಕೊಡುವ ಮೆಥೋಟ್ರೆಕ್ಸೇಟ್ ಮಾತ್ರೆ ಬಿಟ್ಟರೆ ಕಾಯಿಲೆ ಮತ್ತೆ ಕೆರಳಬಹುದು, ಆಮೇಲೆ ಹತೋಟಿಗೆ ತರುವುದು ಕಷ್ಟ ಆಗಬಹುದು.

ಹಾವೇರಿ ಜಿಲ್ಲೆಯಿಂದ, ತಾಲೂಕು ಪಂಚಾಯಿತಿಯಲ್ಲಿ ಎಂಆರ್‌ಡಬ್ಲ್ಯೂ (ವಿಕಲಚೇತನರ ಪುನರ್ವಸತಿ ಕಾರ್ಯಕರ್ತರು) ಆಗಿದ್ದವರು:

ಶುರು ಎಲ್ಲಿಂದ ಅಂತ ಕೇಳಿದ್ದೀರಿ ಮೇಡಂ. ಹಳ್ಳಿಯಾದರೆ ಗ್ರಾಮ ಪಂಚಾಯಿತಿಯಲ್ಲಿ ಪುನರ್ವಸತಿ ಕಾರ್ಯಕರ್ತರಾದ ವಿಆರ್‌ಡಬ್ಲ್ಯೂ ಇರುತ್ತಾರೆ, ತಾಲೂಕು ಪಂಚಾಯಿತಿಯಲ್ಲಿ ಎಂಆರ್‌ಡಬ್ಲ್ಯೂ, ಪಟ್ಟಣದಲ್ಲಿ ಯುಆರ್‌ಡಬ್ಲ್ಯೂ. ಈ ಕೆಲಸದಲ್ಲಿ ಇರುವವರು ಹೆಚ್ಚಿನವರು ಸ್ವತಃ ವಿಕಲಚೇತನರೇ, ನಿಮ್ಮ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ. ಅರ್ಜಿ ಹಾಕುವುದು ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ. ಆಧಾರ್, ಫೋಟೋ, ವಿಳಾಸದ ದಾಖಲೆ ಬೇಕು. ಹತ್ತಿರದ ಆಸ್ಪತ್ರೆ ಆರಿಸಿ. ಬೋರ್ಡ್ ಯಾವ ದಿನ ಕೂರುತ್ತದೆ, ನಿಮ್ಮ ಕಾಯಿಲೆಯ ತಜ್ಞರು ಅವತ್ತು ಇರುತ್ತಾರಾ ಅಂತ ಕೇಳಿಕೊಂಡೇ ಹೊರಡಿ. ಹಳೆಯ ಓಪಿಡಿ ಚೀಟಿ, ಎಕ್ಸ್‌ರೇ, ಡಿಸ್ಚಾರ್ಜ್ ಸಮರಿ ಎಲ್ಲ ವರ್ಷವಾರು ಜೋಡಿಸಿ ಒಂದು ಫೈಲ್ ಮಾಡಿ, ಜೆರಾಕ್ಸ್ ಬೇರೆ ಇಟ್ಟುಕೊಳ್ಳಿ.

2024ರ ತಿದ್ದುಪಡಿ ನಿಯಮದ ಪ್ರಕಾರ ಅಂಗವಿಕಲತೆಯ ಪ್ರಮಾಣಪತ್ರ ಕೊಡಲು ಮೂರು ತಿಂಗಳ ಗಡುವು. ಮೊದಲು ಒಂದೇ ತಿಂಗಳು ಇತ್ತು. ಇದು ನಮ್ಮವರಿಗೆ ಆದ ನಷ್ಟ ಅಂತಲೇ ನನ್ನ ಅಭಿಪ್ರಾಯ. ಎರಡು ವರ್ಷ ತೀರ್ಮಾನವಾಗದೆ ಉಳಿದ ಅರ್ಜಿಗೆ ಜೀವ ಇರುವುದಿಲ್ಲ, ಹೊಸದಾಗಿ ಹಾಕಬೇಕು. ಹಾಗಾಗಿ ಅರ್ಜಿ ಸಂಖ್ಯೆ ಬರೆದಿಟ್ಟುಕೊಂಡು ಆಗಾಗ ವಿಚಾರಿಸುತ್ತಿರಿ.

ಕಾರ್ಡಿನ ಬಣ್ಣ ಮೂರು. ಅಂಗವಿಕಲತೆ ಶೇ. 40ಕ್ಕಿಂತ ಕಡಿಮೆ ಇದ್ದರೆ ಬಿಳಿ, ಅಲ್ಲಿಂದ 80ರ ಒಳಗೆ ಹಳದಿ, 80 ಮತ್ತು ಮೇಲೆ ನೀಲಿ. ಹೆಚ್ಚಿನ ಸೌಲಭ್ಯಕ್ಕೆ ಕನಿಷ್ಠ ಶೇ. 40 ಇರಬೇಕು. ಮಾಸಾಶನ ನಮ್ಮ ರಾಜ್ಯದಲ್ಲಿ ಶೇ. 75ರ ಒಳಗಿನವರಿಗೆ 800, ಮೇಲಿನವರಿಗೆ 1,400 ರೂಪಾಯಿ. ಅದಕ್ಕೆ ಆದಾಯ ಪ್ರಮಾಣಪತ್ರ ಬೇಕು, ಅರ್ಜಿ ನಾಡಕಚೇರಿಯಲ್ಲಿ. ಕಾರ್ಡ್ ಬಂದ ಮೇಲೆ ಮಾಸಾಶನ ತಾನಾಗೇ ಬರುತ್ತದೆ ಅಂತ ಕಾಯುತ್ತಾ ಕೂತವರನ್ನು ತುಂಬಾ ನೋಡಿದ್ದೇನೆ. ಬರುವುದಿಲ್ಲ, ಬೇರೆ ಅರ್ಜಿಯೇ ಹಾಕಬೇಕು. ಕೆಎಸ್‌ಆರ್‌ಟಿಸಿ ರಿಯಾಯಿತಿ ಪಾಸ್ ಊರಿನಿಂದ 100 ಕಿ.ಮೀ. ವರೆಗೆ. ಮಧ್ಯವರ್ತಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಬೆಳಗಾವಿಯಿಂದ, ಥಲಸ್ಸೀಮಿಯಾ (ರಕ್ತದ ಕಾಯಿಲೆ) ಇರುವ ಹುಡುಗನ ತಂದೆ:

ನಮ್ಮದು ಬೇರೆ ಕಥೆ. ಥಲಸ್ಸೀಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್ ಮೂರೂ 2016ರ ಪಟ್ಟಿಯಲ್ಲಿ ಹೆಸರು ಹಿಡಿದೇ ಇವೆ. ಮಗನಿಗೆ ಕಾರ್ಡ್ ಸಿಕ್ಕಿತು. ಶೇ. 40 ಅಥವಾ ಹೆಚ್ಚು ಇದ್ದರೆ ಉನ್ನತ ಶಿಕ್ಷಣದ ಶೇ. 5 ಮೀಸಲಾತಿಯೂ ಇದೆ. ಆದರೆ ಅದೇ ಕಾಯ್ದೆಯ 34ನೇ ಸೆಕ್ಷನ್‌ನಲ್ಲಿ ಸರ್ಕಾರಿ ಕೆಲಸದ ಮೀಸಲಾತಿಗೆ ರಕ್ತದ ಕಾಯಿಲೆಗಳನ್ನು ಸೇರಿಸಿಲ್ಲ. ಓದಲು ಸೀಟು ಕೊಟ್ಟು, ಓದಿದ ಮೇಲೆ ಕೆಲಸದ ಬಾಗಿಲು ಹಾಕಿದರೆ ಮಗು ಎಲ್ಲಿಗೆ ಹೋಗಬೇಕು? ಇದನ್ನು ನಾವೆಲ್ಲ ಸೇರಿ ಕೇಳಲೇಬೇಕು. ಅಕ್ಕಾ, ನಿಮ್ಮದು ಲೋಕೋಮೋಟರ್ ಅಂತ ಆಗಿ ಕನಿಷ್ಠ ಶೇ. 40 ಬಂದರೆ ಕೆಲಸದ ಮೀಸಲಾತಿಯೂ ಬರುತ್ತದೆ, ಮರೆಯಬೇಡಿ.

ಮಂಡ್ಯದಿಂದ:

ನಮ್ಮೆಜಮಾನರಿಗೆ ಎರಡೂ ಕಿಡ್ನಿ ಹೋಗಿ ಡಯಾಲಿಸಿಸ್ ನಡೀತಿದೆ. ಕಿಡ್ನಿ ವೈಫಲ್ಯ ಆ 21ರಲ್ಲಿ ಇಲ್ಲ. ಆದರೆ ಡಯಾಲಿಸಿಸ್‌ಗೆ ಹೋಗಿ ಬರಲು ರೈಲ್ವೆಯ ರೋಗಿಗಳ ರಿಯಾಯಿತಿ ಇದೆ, ಜೊತೆಗೆ ಹೋಗುವ ಒಬ್ಬರಿಗೂ ಸೇರಿ. ಅದಕ್ಕೆ ಯುಡಿಐಡಿ ಬೇಡ, ಆಸ್ಪತ್ರೆಯಿಂದ ರೈಲ್ವೆಯ ನಮೂನೆಯಲ್ಲಿ ಸರ್ಟಿಫಿಕೇಟ್ ತಂದರೆ ಸಾಕು. ಥಲಸ್ಸೀಮಿಯಾ, ಹಿಮೋಫಿಲಿಯಾ, ಕ್ಯಾನ್ಸರ್‌ನವರಿಗೂ ಇದೆ. ಕಾರ್ಡ್ ಸಿಗದವರು ಇದನ್ನಾದರೂ ಬಿಡಬೇಡಿ.

ಬೆಂಗಳೂರಿನಿಂದ, ಮಲ್ಟಿಪಲ್ ಸ್ಕ್ಲೆರೋಸಿಸ್ (ನರಗಳ ಕಾಯಿಲೆ) ಇರುವವರು:

ನನ್ನ ಕಾಯಿಲೆ ಪಟ್ಟಿಯಲ್ಲಿದೆ, ಆದರೂ ಮೊದಲ ಸಲ ಬಂದದ್ದು 40ಕ್ಕಿಂತ ಕಡಿಮೆ. ಚೆನ್ನಾಗಿ ನಡೆದುಕೊಂಡು ಬಂದಿರಲ್ಲ ಅಂದರು. ಐದು ನಿಮಿಷ ನಡೆದ ಮೇಲೆ ಕಾಲು ಸತ್ತ ಹಾಗೆ ಆಗುವುದು ಆ ಕೋಣೆಯಲ್ಲಿ ಕಾಣುವುದಿಲ್ಲ. ನಾನು ಸುಮ್ನೆ ವಾಪಸ್ ಬರಲಿಲ್ಲ. ಕಾಯ್ದೆಯ 59ನೇ ಸೆಕ್ಷನ್‌ನಲ್ಲಿ ಮೇಲ್ಮನವಿಗೆ ಅವಕಾಶ ಇದೆ. ಎಷ್ಟು ದೂರ ನಡೆಯಬಲ್ಲೆ, ಕಣ್ಣು ಎಷ್ಟು ಸಲ ಮಂಜಾಗಿದೆ, ಯಾವಾಗ ಅಡ್ಮಿಟ್ ಆಗಿದ್ದೆ ಅಂತ ನರರೋಗ ತಜ್ಞರಿಂದ ಬರೆಸಿಕೊಂಡು ಮೇಲ್ಮನವಿ ಹಾಕಿದೆ. ಎರಡನೇ ತಪಾಸಣೆಯಲ್ಲಿ 40 ದಾಟಿತು. ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲೇ ಕೊಡಬೇಕು ಅಂತ ನಿಯಮ ಇದೆ. ಬಾಯಿಮಾತಿನಲ್ಲಿ "ಆಗಲ್ಲ" ಅಂದರೆ ಒಪ್ಪಬೇಡಿ, ಬರೆದು ಕೊಡಿ ಅನ್ನಿ.

ಕೇಳಿದವರು, ತಿಪಟೂರಿನಿಂದ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಜಡೆಯ ವಿಷಯ ಓದಿ ಅತ್ತುಬಿಟ್ಟೆ ಅಕ್ಕಾ, ನಮ್ಮನೆಯಲ್ಲೂ ಹಾಗೇ. ಇನ್ನೊಂದು ಕೇಳಲಾ? ಕೆಲವರಿಗೆ ಟೆಂಪರರಿ ಅಂತ ಕೊಡುತ್ತಾರಂತೆ. ಅದು ನಡೆಯುತ್ತಾ?

ಹಾವೇರಿ ಜಿಲ್ಲೆಯಿಂದ:

ನಡೆಯುತ್ತದೆ ಮೇಡಂ. ಮುಂದೆ ಸ್ಥಿತಿ ಬದಲಾಗಬಹುದು ಅನ್ನಿಸಿದರೆ ಇಂತಿಷ್ಟು ವರ್ಷಕ್ಕೆ ಅಂತ ಕೊಡುತ್ತಾರೆ. ಅಷ್ಟು ದಿನ ಅದೂ ಪ್ರಮಾಣಪತ್ರವೇ. ಮುಗಿಯುವ ತಾರೀಖನ್ನು ಮನೆಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ, ಕೆಲವು ತಿಂಗಳು ಮೊದಲೇ ನವೀಕರಣಕ್ಕೆ ಓಡಾಡಿ. ಇಲ್ಲದಿದ್ದರೆ ಮಾಸಾಶನ ಅರ್ಧಕ್ಕೆ ನಿಲ್ಲಬಹುದು. ಬೋರ್ಡ್ ದಿನ ಬೆಳಗ್ಗೆ ಬೇಗ ಹೋಗಿ, ಅತ್ತಿಗೆಯನ್ನು ಜೊತೆಗೆ ಕರೆದುಕೊಂಡು ಹೋಗಿ. ನೀವು ಹೇಳಲು ಮರೆತದ್ದನ್ನು ಅವರು ಹೇಳುತ್ತಾರೆ.