ಇಂಗ್ಲೆಂಡಿನ ಧರ್ಮಾರ್ಥ ಶಾಲೆಗಳಲ್ಲಿ ಓದಿದವರೂ ಸಹಿಯ ಬದಲು ಗೀಟು ಹಾಕಿದ್ದೇಕೆ?

ಕಡತಪ್ರಿಯ (ಪ್ರಶ್ನೆ):
1754ರಿಂದ ಇಂಗ್ಲೆಂಡಿನ ಚರ್ಚ್ ಮದುವೆ ದಾಖಲೆಯಲ್ಲಿ ವಧೂವರರು ಸಹಿ ಹಾಕಬೇಕಿತ್ತು. ಬರೆಯಲು ಬಾರದವರು ಅಡ್ಡಗೀಟು ಎಳೆಯುತ್ತಿದ್ದರು. ಚಾರಿಟಿ (ಧರ್ಮಾರ್ಥ) ಶಾಲೆಗೆ ಹೋದವರಲ್ಲೂ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಗೀಟು ಹಾಕಿದವರು ಸಿಗುತ್ತಾರೆ. ಹಾಗಾದರೆ ಆ ಶಾಲೆಗಳು ಕಲಿಸಿದ್ದೇನು? ಮುಂದೆ ಒಬ್ಬನೇ ಮೇಷ್ಟ್ರು ನೂರಾರು ಮಕ್ಕಳಿಗೆ ಪಾಠ ಹೇಳಿದ್ದು ಹೇಗೆ?

ಹಳೇಪುಟ:
ಗೀಟು ಹಾಕಿದವರಿಗೆಲ್ಲ ಓದು ಬರುತ್ತಿರಲಿಲ್ಲ ಅಂದುಕೊಳ್ಳಬೇಡಿ. ಆ ಶಾಲೆಗಳಲ್ಲಿ ಓದು, ಬರಹ, ಲೆಕ್ಕ ಒಂದಾದ ಮೇಲೊಂದು ಬರುತ್ತಿದ್ದವು. ಮೊದಲು ಅಕ್ಷರ, ಆಮೇಲೆ ಕ್ರೈಸ್ತ ಪ್ರಶ್ನೋತ್ತರ ಪಾಠ, ಬೈಬಲ್. ಓದು ಚೆನ್ನಾಗಿ ಕುದುರಿದ ಮೇಲಷ್ಟೇ ಗರಿಯ ಲೇಖನಿ ಕೈಗೆ ಬರುತ್ತಿತ್ತು. ದುಡಿಮೆಗೆ ಬೇಕೆಂದು ಮನೆಯವರು ನಡುವೆಯೇ ಬಿಡಿಸಿದ ಮಗು ಓದಲು ಕಲಿತಿರುತ್ತಿತ್ತು, ಬರೆಯಲು ಅಲ್ಲ. ಹುಡುಗಿಯರಿಗಂತೂ ಎಷ್ಟೋ ಕಡೆ ಓದಿನ ನಂತರ ಹೊಲಿಗೆ, ಹೆಣಿಗೆ, ಅಷ್ಟೇ. ಮನೆಗೆಲಸಕ್ಕೆ ಸೇರುವವಳಿಗೆ ಬರಹ ಯಾಕೆ ಅನ್ನುವುದು ದಾನಿಗಳ ಎಣಿಕೆ. ಇದು ನನ್ನ ದೃಷ್ಟಿಯಲ್ಲಿ ಆ ವ್ಯವಸ್ಥೆಯ ದೊಡ್ಡ ಅನ್ಯಾಯ.

ಖರ್ಚಿನ ಲೆಕ್ಕವನ್ನೂ ನೋಡಿ. 1698ರಲ್ಲಿ ಹುಟ್ಟಿದ ಎಸ್‌ಪಿಸಿಕೆ ಎಂಬ ಕ್ರೈಸ್ತ ಸಂಘ ಊರೂರಿನಲ್ಲಿ ಚಂದಾ ಎತ್ತಿ ಇಂಥ ಶಾಲೆ ತೆರೆಯಲು ಪ್ರೋತ್ಸಾಹ ಕೊಟ್ಟಿತು. ಅದರ ಅಂದಾಜಿನಂತೆ ಲಂಡನ್ನಿನಲ್ಲಿ 50 ಹುಡುಗರ ಶಾಲೆಗೆ ವರ್ಷಕ್ಕೆ ಸುಮಾರು 75 ಪೌಂಡ್. ಕೋಣೆ, ಪುಸ್ತಕ, ಸೌದೆ, ಮೇಷ್ಟ್ರ ಸಂಬಳ, ಜೊತೆಗೆ ಪ್ರತಿ ಹುಡುಗನಿಗೆ ಒಂದು ಕೋಟು, ಒಂದು ಟೋಪಿ, ಮೂರು ಕತ್ತುಪಟ್ಟಿ, ಒಂದೊಂದು ಜೊತೆ ಕಾಲುಚೀಲ ಮತ್ತು ಬೂಟು ಅದರಲ್ಲೇ ಆಗಬೇಕು. ಆಗ ಪೌಂಡಿಗೆ 20 ಷಿಲಿಂಗ್, ಹಾಗಾಗಿ ತಲೆಗೆ 30 ಷಿಲಿಂಗ್. 50 ಹುಡುಗಿಯರ ಶಾಲೆಗೆ 60 ಪೌಂಡ್, ಅಂದರೆ ತಲೆಗೆ 24. ನೀಲಿ ಕೋಟು, ಬೂದು ಕೋಟು ಎಂಬ ಶಾಲೆಯ ಹೆಸರುಗಳು ಈ ಬಟ್ಟೆಯಿಂದಲೇ ಬಂದವು. ಆ ಬಟ್ಟೆ ಮಗುವಿನ ಮೈ ಮುಚ್ಚಿತು, ಇದು ದಾನದ ಮಗು ಎಂದು ಬೀದಿಗೆಲ್ಲ ಸಾರಿತು ಕೂಡ.

ಮರಳುಹಲಗೆ:
ಎರಡನೇ ಪ್ರಶ್ನೆಗೆ ಉತ್ತರ ಜೋಸೆಫ್ ಲ್ಯಾಂಕಾಸ್ಟರ್. 1798ರಲ್ಲಿ ಲಂಡನ್ನಿನ ಸೌತ್‌ವಾರ್ಕ್‌ನಲ್ಲಿ ಬಡಮಕ್ಕಳಿಗೆ ಪಾಠ ಶುರುಮಾಡಿದ. ದೊಡ್ಡದೊಂದು ಹಜಾರ, ಒಬ್ಬ ಮೇಷ್ಟ್ರು, ಸುಮಾರು ಹತ್ತು ಮಕ್ಕಳಿಗೊಬ್ಬ ಹಿರಿಯ ಹುಡುಗ, ಅಂದರೆ ಮಾನಿಟರ್. ಮೇಷ್ಟ್ರು ಮಾನಿಟರುಗಳಿಗೆ ಕಲಿಸಬೇಕು, ಅವರು ಉಳಿದವರಿಗೆ.

ಅಕ್ಷರ ಕಲಿಯುವವರಿಗೆ ಅಂಚುಕಟ್ಟಿದ ಉದ್ದನೆಯ ಮೇಜು. ತಳಕ್ಕೆ ಕಪ್ಪು ಬಣ್ಣ, ಮೇಲೆ ಒಣ ಮರಳು. ಬೆರಳಲ್ಲಿ ಗೀಚಿದರೆ ಕಪ್ಪು ಗೆರೆ ಮೂಡುತ್ತದೆ. ತಿದ್ದಿದ ಮೇಲೆ ಮಾನಿಟರ್ ಮರಳನ್ನು ಸಮ ಮಾಡಿದರೆ ಮುಂದಿನ ಅಕ್ಷರ. ಕ್ರಮ ವರ್ಣಮಾಲೆಯದ್ದಲ್ಲ, ಆಕಾರದ್ದು: ನೇರ ಗೆರೆಯ ಐ, ಎಚ್, ಟಿ, ಎಲ್ ಮೊದಲು, ಓರೆ ಗೆರೆಯ ಎ, ವಿ ಆಮೇಲೆ, ದುಂಡಗಿನ ಓ, ಎಸ್ ಕೊನೆಗೆ. ಮುಂದಿನ ತರಗತಿಗಳಿಗೆ ಸ್ಲೇಟು. ಮಗು ಬರೆಯುತ್ತಲೇ ಓದುತ್ತಿತ್ತು, ಹಾಗಾಗಿ ಹಳೇಪುಟ ಅವರು ಹೇಳಿದ ತೊಂದರೆ ಇಲ್ಲಿ ಬಹಳ ಕಡಿಮೆ. ಪುಸ್ತಕವೂ ಒಂದೇ ಸಾಕು. ಹಾಳೆಗಳನ್ನು ದಪ್ಪಕ್ಷರದಲ್ಲಿ ಅಚ್ಚುಹಾಕಿ, ರಟ್ಟಿಗೆ ಅಂಟಿಸಿ ಗೋಡೆಗೆ ನೇತುಹಾಕುತ್ತಿದ್ದರು. ಒಂದು ಗುಂಪು ಅರ್ಧಚಂದ್ರಾಕಾರದಲ್ಲಿ ನಿಂತು ಓದಿ ಸರಿದರೆ ಇನ್ನೊಂದು ಬಂದು ನಿಲ್ಲುತ್ತಿತ್ತು.

ಕೂಲಿಮಠ:
ಮರಳುಹಲಗೆ ಅವರೇ, ಆಂಡ್ರ್ಯೂ ಬೆಲ್ ಎಂಬ ಪಾದ್ರಿಯನ್ನು ಬಿಟ್ಟರೆ ಕತೆ ಅರ್ಧವೇ. ಈ ಪದ್ಧತಿ 1789ರ ನಂತರ ಮದರಾಸಿನ ಎಗ್ಮೋರ್‌ನ ಅನಾಥಾಲಯದಲ್ಲಿ ಅವನು ನಡೆಸಿದ್ದು. ಊರ ಶಾಲೆಯಲ್ಲಿ ಮಕ್ಕಳು ನೆಲದ ಮರಳಿನಲ್ಲಿ ಬರೆಯುವುದನ್ನು ಕಂಡು ತಂದ. ಅವನ ಉಪಾಧ್ಯಾಯರು ಒಪ್ಪದಿದ್ದಾಗ ಎಂಟು ವರ್ಷದ ಜಾನ್ ಫ್ರಿಸ್ಕೆನ್ ಎಂಬ ಹುಡುಗನಿಗೆ ಪಾಠ ವಹಿಸಿದ. ವರದಿ ಲಂಡನ್ನಿನಲ್ಲಿ ಅಚ್ಚಾದದ್ದು 1797ರಲ್ಲಿ.

1823ರಲ್ಲಿ ಬಳ್ಳಾರಿ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ ತನ್ನ ಜಿಲ್ಲೆಯಲ್ಲಿ 533 ಶಾಲೆ, 6,641 ವಿದ್ಯಾರ್ಥಿಗಳನ್ನು ಎಣಿಸಿದ. ಅದರಲ್ಲಿ 235 ಕನ್ನಡ ಶಾಲೆಗಳು. ಕಲಿಕೆಯಲ್ಲಿ ಮುಂದಿರುವ ಹುಡುಗ ಹಿಂದಿರುವವನಿಗೆ ಹೇಳಿಕೊಡುವ ನಮ್ಮ ಕ್ರಮವನ್ನು ಇಂಗ್ಲೆಂಡ್ ಅನುಕರಿಸಿದ್ದು ಯೋಗ್ಯವೇ ಎಂದು ಬರೆದ. ಅರ್ಥ ತಿಳಿಯದೆ ಪದ್ಯ ಬಾಯಿಪಾಠ ಮಾಡಿಸುತ್ತಾರೆ ಎಂಬ ದೂರನ್ನೂ ಅದೇ ವರದಿಯಲ್ಲಿ ಹೇಳಿದ್ದಾನೆ.

ಹಳೇಪುಟ:
ಆ ದೂರು ಇಂಗ್ಲೆಂಡಿನ ಮಾನಿಟರ್ ಶಾಲೆಗಳಿಗೂ ಸಲ್ಲುತ್ತದೆ. ಮಾನಿಟರಿಗೆ ಗೊತ್ತಿದ್ದದ್ದು ಒಂದು ಪಾಠ ಹೆಚ್ಚು, ಅಷ್ಟೇ. ಮಗು ಯಾಕೆ ಅಂತ ಕೇಳಿದರೆ ಅವನ ಹತ್ತಿರ ಉತ್ತರವಿಲ್ಲ. ಚುರುಕು ಹುಡುಗನನ್ನೇ ಮನೆಯವರು ಬೇಗ ಕೆಲಸಕ್ಕೆ ಕರೆದೊಯ್ಯುತ್ತಿದ್ದರು, ಹೊಸ ಮಾನಿಟರನ್ನು ಮತ್ತೆ ತಯಾರು ಮಾಡಬೇಕು. ಈ ದೋಷಕ್ಕೆ ಮದ್ದಾಗಿ 1846ರಲ್ಲಿ ಸರ್ಕಾರ 13 ವರ್ಷ ತುಂಬಿದವರನ್ನು ಐದು ವರ್ಷ ಶಿಷ್ಯ-ಶಿಕ್ಷಕರಾಗಿ ಇಟ್ಟುಕೊಂಡು, 10ರಿಂದ ಶುರುವಾಗಿ 20 ಪೌಂಡಿಗೇರುವ ವಾರ್ಷಿಕ ವೇತನ ಕೊಡತೊಡಗಿತು. ಶುಲ್ಕ ಕೊಡಲಾರದ, ಹರಕು ಬಟ್ಟೆಯ ಮಕ್ಕಳಿಗೆ ಬೇರೆಯದೇ ರ‍್ಯಾಗೆಡ್ ಶಾಲೆಗಳಿದ್ದವು. ಅವುಗಳ ಒಕ್ಕೂಟ 1844ರದ್ದು. 1870ರ ಶಿಕ್ಷಣ ಕಾಯ್ದೆಯಿಂದ ಬೋರ್ಡ್ ಶಾಲೆಗಳು, ಅಂದರೆ ಊರಿನ ಚುನಾಯಿತ ಮಂಡಳಿ ನಡೆಸುವ ಶಾಲೆಗಳು, ಬಂದ ಮೇಲೆ ಅವು ಕರಗಿದವು.

ಕಡತಪ್ರಿಯ ಅವರೇ, ಮದುವೆ ದಾಖಲೆಯ ಗೀಟು ನೋಡಿ ನಿಲ್ಲಬೇಡಿ. ಆ ಜಿಲ್ಲೆಯ ದಾಖಲೆ ಸಂಗ್ರಹಾಲಯದಲ್ಲಿ ಚಾರಿಟಿ ಶಾಲೆಯ ನಡಾವಳಿ ಪುಸ್ತಕ ಉಳಿದಿದೆಯೇ ಕೇಳಿ. ಮಗು ಸೇರಿದ ದಿನ, ಬಟ್ಟೆ ಪಡೆದದ್ದು, ಕಸುಬಿಗೆ ಯಾರ ಬಳಿ ಬಿಟ್ಟರು ಎಂಬುದು ಅಂಥ ಪುಸ್ತಕಗಳಲ್ಲಿ ಸಿಗುತ್ತದೆ. ಸೇರಿದ್ದಕ್ಕೂ ಬಿಟ್ಟದ್ದಕ್ಕೂ ನಡುವೆ ಎಷ್ಟು ತಿಂಗಳು ಎಂದು ಎಣಿಸಿದರೆ, ಲೇಖನಿ ಹಿಡಿಯುವ ಹಂತಕ್ಕೆ ಆ ಹುಡುಗಿ ಬಂದಿದ್ದಳೋ ಇಲ್ಲವೋ ಅಂದಾಜಾಗುತ್ತದೆ.