ಡಿಸ್ಕ್ ಗಾಲ್ಫ್ ಪ್ರಶ್ನೋತ್ತರ: ಯಾವ ಹೋಲ್‌ಗೆ ಯಾವ ಡಿಸ್ಕ್, ಯಾವ ಎಸೆತ?

ಪ್ರಶ್ನೆ: ನಮಸ್ಕಾರ ಸರ್. ಕ್ಯಾಲಿಫೋರ್ನಿಯಾದಲ್ಲಿ ಡಿಸ್ಕ್ ಗಾಲ್ಫ್ (ತಟ್ಟೆಯಂಥ ಡಿಸ್ಕ್ ಎಸೆದು ಸರಪಳಿಯ ಬಾಸ್ಕೆಟ್‌ಗೆ ಹಾಕುವ ಆಟ) ಆಡುತ್ತೇನೆ, ಬಲಗೈ ಬ್ಯಾಕ್‌ಹ್ಯಾಂಡ್ (ಕೈಯನ್ನು ಎದೆಗೆ ಅಡ್ಡ ತಂದು ಬೀಸುವ ಎಸೆತ). ಬ್ಯಾಗಿನಲ್ಲಿ ಡೆಸ್ಟ್ರಾಯರ್, ಫೈರ್‌ಬರ್ಡ್, ಲೆಪರ್ಡ್ (ಮೂರೂ ದೂರದ ಡ್ರೈವರ್ ಡಿಸ್ಕ್‌ಗಳು), ಬಝ್ (ಮಧ್ಯಮ ದೂರದ ಮಿಡ್‌ರೇಂಜ್), ಏವಿಯಾರ್ (ಬಾಸ್ಕೆಟ್ ಹತ್ತಿರಕ್ಕೆ ನಿಧಾನದ ಪಟರ್) ಇವೆ. ಡೆಸ್ಟ್ರಾಯರ್ 220 ಅಡಿ ಹೋಗುವಷ್ಟರಲ್ಲಿ ಎಡಕ್ಕೆ ತಿರುಗಿ ಬಿದ್ದುಬಿಡುತ್ತದೆ. ಬಝ್ ಕೂಡ ಹೆಚ್ಚುಕಡಿಮೆ ಅಷ್ಟೇ ದೂರ. ಯಾವ ಹೋಲ್‌ಗೆ (ಎಸೆಯಲು ಶುರುಮಾಡುವ ಜಾಗದಿಂದ ಬಾಸ್ಕೆಟ್‌ವರೆಗಿನ ದಾರಿಗೆ) ಯಾವುದನ್ನು ತೆಗೆಯಬೇಕು?

ಉತ್ತರ: ಡೆಸ್ಟ್ರಾಯರ್ ಸದ್ಯಕ್ಕೆ ಮನೆಯಲ್ಲೇ ಇರಲಿ ಸರ್. ಅದರ ಹಾರಾಟ ಹೇಳುವ ಅಂಕಿಗಳು 12, 5, ಮೈನಸ್ 1, 3. ಕ್ರಮವಾಗಿ ವೇಗ, ತೇಲುವಿಕೆ, ಆರಂಭದಲ್ಲಿ ಬಲಕ್ಕೆ ವಾಲುವುದು, ಕೊನೆಯಲ್ಲಿ ಎಡಕ್ಕೆ ಎಳೆಯುವುದು. ಡಿಸ್ಕ್ ತಾನಾಗಿಯೇ 12ರ ವೇಗದಲ್ಲಿ ಹೋಗುತ್ತದೆ ಎಂದಲ್ಲ, ಅಷ್ಟು ವೇಗ ನೀವು ಕೊಟ್ಟರೆ ಮಾತ್ರ ಉಳಿದ ಮೂರು ಅಂಕಿ ನಿಜವಾಗುತ್ತವೆ ಎಂದು ಅರ್ಥ. ವೇಗ ಸಾಲದಿದ್ದರೆ ಬಲಕ್ಕೆ ವಾಲುವ ಹಂತವೇ ಬರುವುದಿಲ್ಲ, ಸೀದಾ ಎಡಕ್ಕೆ ಎಳೆದುಬಿಡುತ್ತದೆ. ಡ್ರೈವರ್ ಮತ್ತು ಮಿಡ್‌ರೇಂಜ್ ಒಂದೇ ದೂರ ಹೋಗುತ್ತಿವೆ ಎಂದರೆ ಕಾರಣ ಇದೇ. ಬಝ್ 5, 4, ಮೈನಸ್ 1, 1. ನಿಮ್ಮ ಕೈಗೆ ಒಪ್ಪುವುದು ಅದು.

ಇನ್ನೊಂದು ಕಾರಣ, ಡಿಸ್ಕ್‌ನ ಮೂತಿ ಮೇಲೆದ್ದಿರುವುದು. ಮುಂದಿನ ಅಂಚು ತುಸು ಎತ್ತಿದ್ದರೂ ಡಿಸ್ಕ್ ಗಾಳಿಗೆ ಏರಿ, ನಿಂತಂತಾಗಿ, ಎಡಕ್ಕೆ ಜಾರುತ್ತದೆ. ಡಿಸ್ಕ್ ಹಿಡಿದು ಕೈ ಮುಂದೆ ಚಾಚಿ ನೋಡಿ: ತಟ್ಟೆಯ ಗೆರೆ ಮುಂಗೈಯ ಗೆರೆಗೆ ನೇರವಾಗಿರಬೇಕು. ಹೆಬ್ಬೆರಳು ಅಂಚಿನ ಹತ್ತಿರ ಒತ್ತಿರಲಿ. ಬಿಡುವಾಗ ಮಣಿಕಟ್ಟನ್ನು ಪಾತ್ರೆಯಿಂದ ಕಾಫಿ ಬಗ್ಗಿಸುವಂತೆ ಕೆಳಮುಖ ಮಾಡಿ. ಇದನ್ನು ಏವಿಯಾರ್‌ನಲ್ಲೇ ಅಭ್ಯಾಸ ಮಾಡಿ. ನಿಧಾನದ ಡಿಸ್ಕ್ ತಪ್ಪನ್ನು ಮುಚ್ಚಿಡುವುದಿಲ್ಲ.

ಹೋಲ್ ಅನ್ನು ಬಾಸ್ಕೆಟ್‌ನಿಂದ ಹಿಂದಕ್ಕೆ ಓದಿ. ಡಿಸ್ಕ್ ಎಲ್ಲಿ ನಿಂತರೆ ಮುಂದಿನ ಪಟ್ (ಹತ್ತಿರದಿಂದ ಬಾಸ್ಕೆಟ್‌ಗೆ ಹಾಕುವ ಎಸೆತ) ಸುಲಭ? ಅಲ್ಲಿಗೆ ಎಡದಿಂದ ಬರಬೇಕೋ, ಬಲದಿಂದಲೋ? ಅದು ತೀರ್ಮಾನವಾದ ಮೇಲೆ ಎಸೆತ, ಆಮೇಲೆ ಡಿಸ್ಕ್. ಬೋರ್ಡಿನ ಮೇಲಿನ ದೂರ ನೋಡಿ ಮೊದಲೇ ಡಿಸ್ಕ್ ತೆಗೆಯುವುದರಿಂದಲೇ ಅರ್ಧ ತಪ್ಪುಗಳು ಆಗುತ್ತವೆ.

ಪ್ರಶ್ನೆ: ಸರ್, ಮರಗಳ ನಡುವೆ 240 ಅಡಿಯ ನೇರ ಹೋಲ್, ಓಣಿ ತುಂಬ ಕಿರಿದು. ಲೆಪರ್ಡ್ ಎಸೆದರೆ ಬಲಗಡೆಯ ಮರಕ್ಕೆ, ಫೈರ್‌ಬರ್ಡ್ ಎಸೆದರೆ ಎಡಗಡೆಯ ಮರಕ್ಕೆ!

ಉತ್ತರ: ಎರಡೂ ತಮ್ಮ ಸ್ವಭಾವದಂತೆಯೇ ನಡೆದುಕೊಂಡಿವೆ ಮೇಡಂ. ಫೈರ್‌ಬರ್ಡ್ 9, 3, 0, 4. ಎಡಕ್ಕೆ ಹೋಗುವುದಕ್ಕೆಂದೇ ಮಾಡಿದ್ದು. ಲೆಪರ್ಡ್ 6, 5, ಮೈನಸ್ 2, 1. ಸಪಾಟಾಗಿ ಜೋರಾಗಿ ಬಿಟ್ಟರೆ ಬಲಕ್ಕೆ ವಾಲಲೇಬೇಕು. ಬಝ್ ತೆಗೆದು ಮುಕ್ಕಾಲು ಬಲದಲ್ಲಿ, ಎದೆಮಟ್ಟದಲ್ಲಿ ಎಸೆಯಿರಿ. ಕಣ್ಣು ಬಾಸ್ಕೆಟ್ ಮೇಲೆ ಬೇಡ, ಓಣಿಯ ಮೊದಲ ಇಕ್ಕಟ್ಟಿನ ಮೇಲಿರಲಿ. ಲೆಪರ್ಡೇ ಬೇಕೆಂದರೆ ಎಡಅಂಚು ಸ್ವಲ್ಪ ಕೆಳಗಿರುವಂತೆ, ಅಂದರೆ ಹೈಸರ್ ಕೋನದಲ್ಲಿ ಬಿಡಿ. ಅದು ಎದ್ದು ಸಪಾಟಾಗಿ ನೇರ ಹೋಗುತ್ತದೆ. ಆದರೆ ವೇಗ ಪ್ರತಿಸಲ ಒಂದೇ ಇರಬೇಕು. ಕಡಿಮೆಯಾದರೆ ಏಳುವುದೇ ಇಲ್ಲ, ಎಡಕ್ಕೇ ಹೋಗುತ್ತದೆ.

ಪ್ರಶ್ನೆ: 260 ಅಡಿ, ಕೊನೆಗೆ ಬಲಕ್ಕೆ ತಿರುಗುವ ಹೋಲ್. ಫೋರ್‌ಹ್ಯಾಂಡ್ (ಅಂಗೈ ಮುಂದಾಗಿ ಬದಿಯಿಂದ ಬೀಸುವ ಎಸೆತ) ಕಲಿಯಲೇಬೇಕಾ ಸರ್?

ಉತ್ತರ: ತಿರುವು ಎಲ್ಲಿದೆ ನೋಡಿ. ಬಲಕ್ಕೆ ಉದ್ದಕ್ಕೂ ನಿಧಾನವಾಗಿ ಬಾಗಿದ್ದರೆ ಬ್ಯಾಕ್‌ಹ್ಯಾಂಡ್ ಸಾಕು: ಲೆಪರ್ಡ್, ಬಲಅಂಚು ಸ್ವಲ್ಪ ಕೆಳಗೆ. ಇದೇ ಅನ್‌ಹೈಸರ್. ಅತಿಯಾದರೆ ಅಂಚಿನ ಮೇಲೆ ಬಿದ್ದು ಗಾಲಿಯಂತೆ ಉರುಳಿಹೋಗುತ್ತದೆ, ಎಚ್ಚರ. ಈ ಎಸೆತಕ್ಕೆ ಫೈರ್‌ಬರ್ಡ್ ಬೇಡ, ಅರ್ಧ ದಾರಿಯಲ್ಲಿ ಸಪಾಟಾಗಿ ಮತ್ತೆ ಎಡಕ್ಕೇ ಬರುತ್ತದೆ.

ನೇರ ಹೋಗಿ ಕೊನೆಯಲ್ಲಿ ಥಟ್ಟನೆ ತಿರುಗಬೇಕಿದ್ದರೆ ಫೋರ್‌ಹ್ಯಾಂಡ್ ಬೇಕು. ಬಲಗೈ ಫೋರ್‌ಹ್ಯಾಂಡ್‌ನಲ್ಲಿ ಡಿಸ್ಕ್ ಎದುರು ದಿಕ್ಕಿಗೆ ಸುತ್ತುವುದರಿಂದ ಕೊನೆಯ ಎಳೆತ ಬಲಕ್ಕೆ. ಅಲ್ಲಿ ಫೈರ್‌ಬರ್ಡ್ ಚಿನ್ನ. ನಡುಬೆರಳು ಒಳಅಂಚಿಗೆ ಒತ್ತಿರಲಿ, ಅಂಗೈ ಆಕಾಶಕ್ಕೆ, ಮೊಣಕೈ ಸೊಂಟದ ಹತ್ತಿರ. ಬಿಟ್ಟ ಮೇಲೂ ಅಂಗೈ ಮೇಲೇ ಇರಬೇಕು, ಮಗುಚಿದರೆ ಡಿಸ್ಕ್ ಗಡಗಡ ನಡುಗಿ ಎಡಕ್ಕೆ ಮಗುಚಿಕೊಳ್ಳುತ್ತದೆ.

ಮತ್ತೊಬ್ಬರ ಉತ್ತರ: ಒಂದು ಮಾತು ಸೇರಿಸುತ್ತೇನೆ. ಫೈರ್‌ಬರ್ಡ್ ಗಟ್ಟಿ ನೆಲದಲ್ಲಿ ಬಿದ್ದಲ್ಲಿ ನಿಲ್ಲುವುದಿಲ್ಲ, ಎಳೆದ ದಿಕ್ಕಿಗೇ ಜಾರುತ್ತದೆ. ಬೇಸಿಗೆಯಲ್ಲಿ ಒಣಗಿದ ನೆಲವಾದರೆ 20–30 ಅಡಿ ಮುಂಚೆಯೇ ಬೀಳುವಂತೆ ಲೆಕ್ಕ ಹಾಕಿ. ಬಾಸ್ಕೆಟ್ ಹಿಂದೆ ಆಟದ ಮಿತಿಯ ಗೆರೆ ಅಥವಾ ನೀರಿದ್ದರೆ ಏವಿಯಾರ್ ವಾಸಿ, ಬಿದ್ದಲ್ಲೇ ಕೂರುತ್ತದೆ. ಡಿಸ್ಕ್ ಪೂರ್ತಿ ಗೆರೆಯಾಚೆ ಹೋದರೆ ಒಂದು ಎಸೆತ ದಂಡ. ಡಿಸ್ಕ್‌ನ ತುಸು ಭಾಗ ಗೆರೆಯ ಒಳಗಿದ್ದರೂ ದಂಡವಿಲ್ಲ.

ಪ್ರಶ್ನೆ: ಸ್ಯಾಂತಾ ಕ್ರೂಜ್‌ನ ಡೆಲಾವೀಗಾ ಕೋರ್ಸ್‌ಗೆ ಹೋಗುತ್ತಿದ್ದೇವೆ. 27ನೇ ಹೋಲ್, ‘ಟಾಪ್ ಆಫ್ ದ ವರ್ಲ್ಡ್’, ಗುಡ್ಡದ ಮೇಲಿಂದ ಇಳಿಜಾರು. ಅಲ್ಲಾದರೂ ಡೆಸ್ಟ್ರಾಯರ್ ತೆಗೆಯಬಹುದಾ?

ಉತ್ತರ: ಆಸೆಯಾಗುವುದು ಸಹಜ, ಆದರೂ ಬೇಡ. ಇಳಿಜಾರಿನಲ್ಲಿ ಡಿಸ್ಕ್ ಗಾಳಿಯಲ್ಲಿ ಹೆಚ್ಚು ಹೊತ್ತು ಇರುತ್ತದೆ. ವೇಗ ಇಳಿದ ಮೇಲಿನ ಎಡ ಎಳೆತಕ್ಕೂ ಅಷ್ಟೇ ಹೆಚ್ಚು ಸಮಯ ಸಿಗುತ್ತದೆ. ಸಮನೆಲದಲ್ಲಿ 20 ಅಡಿ ಎಡಕ್ಕೆ ಹೋಗುವುದು ಅಲ್ಲಿ 60 ಅಡಿ ಹೋಗಬಹುದು. ಲೆಪರ್ಡ್ ತೆಗೆದು, ಮೂತಿ ತಗ್ಗಿಸಿ, ಗುರಿಯನ್ನು ಬಲಕ್ಕೆ ಇಟ್ಟು ಎಸೆಯಿರಿ. ಆಟಗಾರರ ರೂಢಿ ಲೆಕ್ಕ: 10 ಅಡಿ ಇಳಿತಕ್ಕೆ 30 ಅಡಿ ದೂರ ಕಡಿಮೆ ಎಂದುಕೊಳ್ಳಿ. ಏರಿಗೆ ಅಷ್ಟೇ ಹೆಚ್ಚು.

ಗಾಳಿ ನೋಡದೆ ಮಾತ್ರ ಎಸೆಯಬೇಡಿ. ನಾಲ್ಕು ಹುಲ್ಲೆಸಳು ಕಿತ್ತು ಭುಜದೆತ್ತರದಿಂದ ಬಿಡಿ, ಆಮೇಲೆ ಮರಗಳ ತುದಿ ನೋಡಿ. ಕೆಳಗೊಂದು, ಮೇಲೊಂದು ಗಾಳಿ ಇರುತ್ತದೆ. ಎದುರುಗಾಳಿಯಲ್ಲಿ ಡಿಸ್ಕ್‌ಗೆ ವೇಗ ಹೆಚ್ಚಾದಂತೆಯೇ ಲೆಕ್ಕ, ಹಾಗಾಗಿ ಲೆಪರ್ಡ್ ಬಲಕ್ಕೆ ಮಗುಚುತ್ತದೆ. ಆಗ ಫೈರ್‌ಬರ್ಡ್ ತೆಗೆದು ತಗ್ಗಿನ ಎತ್ತರದಲ್ಲಿ ಎಸೆಯಿರಿ. ಹಿಂದಿನಿಂದ ಬೀಸಿದರೆ ಎಲ್ಲವೂ ಬೇಗ ಎಡಕ್ಕೆ ಎಳೆದು ಕುಸಿಯುತ್ತವೆ, ಅಲ್ಲಿ ಲೆಪರ್ಡ್ ಸರಿ. ಅಡ್ಡಗಾಳಿ ಬಲದಿಂದ ಬಂದರೆ ಹೈಸರ್ ಎಸೆತದ ತಳಕ್ಕೆ ಬಡಿದು ಎತ್ತಿ ಎಡಕ್ಕೆ ಒಯ್ಯುತ್ತದೆ. ಎಡದಿಂದ ಬಂದರೆ ತಟ್ಟೆಯ ಮೇಲೆ ಬಡಿದು ನೆಲಕ್ಕೆ ಒತ್ತುತ್ತದೆ.

ಪ್ರಶ್ನೆ: ಎದುರುಗಾಳಿಯಲ್ಲಿ 20 ಅಡಿ ಪಟ್ ಬಾಸ್ಕೆಟ್ ಮೇಲೆಯೇ ಹಾರಿಹೋಗುತ್ತದೆ ಸರ್.

ಉತ್ತರ: ಗಾಳಿ ತಳಕ್ಕೆ ಸಿಗುತ್ತಿದೆ. ಎತ್ತಿ ಹಾಕುವುದು ಬಿಟ್ಟು ಸಪಾಟಾಗಿ, ಹೆಚ್ಚು ಸುತ್ತು ಕೊಟ್ಟು ಎಸೆಯಿರಿ. ಗುರಿ ಸರಪಳಿಗಳ ಕೆಳಭಾಗಕ್ಕೆ. 10 ಮೀಟರ್ ಒಳಗೆ ಬಿಟ್ಟ ಮೇಲೆ ಸಮತೋಲ ಸಿಗುವವರೆಗೆ ಮುಂದೆ ಕಾಲಿಡುವಂತಿಲ್ಲ, ಅದಕ್ಕೆ ಮೊದಲೇ ಕಾಲಗಲಿಸಿ ಗಟ್ಟಿಯಾಗಿ ನಿಲ್ಲಿ. ಗಾಳಿ ಜೋರಿದ್ದರೆ ತುಸು ಕಾಯಿರಿ, ನಿಮ್ಮ ಸರದಿಗೆ 30 ಸೆಕೆಂಡ್ ಇದೆ.